ವಾಟ್ಸಾಪಿನಲ್ಲಿ ಬಂದ ಊವೆ ಹೋನ್

2021ರ ಆಗಸ್ಟ್ 7, ಶನಿವಾರ ಸಂಜೆ. ಟೋಕಿಯೊದಲ್ಲಿ ನೀರಜ್ ಚೋಪ್ರಾ 87.58 ಮೀಟರ್ ಎಸೆದು ಚಿನ್ನ ಗೆದ್ದು ಅರ್ಧ ಗಂಟೆಯೂ ಆಗಿರಲಿಲ್ಲ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ಒಂದು ಮೆಸೇಜ್ ತಂದು ಹಾಕಿದರು. ಜಗತ್ತಿನಲ್ಲಿ ಜಾವೆಲಿನ್ ಅನ್ನು ನೂರು ಮೀಟರ್ ದಾಟಿಸಿದ ಒಬ್ಬನೇ ಒಬ್ಬ ಮನುಷ್ಯ ಊವೆ ಹೋನ್, ಅವನೇ ನಮ್ಮ ನೀರಜ್ ಗುರು, ಗುರುವಿಗೆ ಸಿಗದ ಒಲಿಂಪಿಕ್ ಚಿನ್ನವನ್ನು ಶಿಷ್ಯ ತಂದುಕೊಟ್ಟ ಅಂತ. ಕೊನೆಗೆ ಕೈಮುಗಿಯುವ ಚಿಹ್ನೆ ಆರೇಳು.

ಓದೋಕೆ ಚೆನ್ನಾಗಿತ್ತು. ಆದರೆ ಅರ್ಧ ಮಾತ್ರ ನಿಜ. ನೂರು ಮೀಟರ್ ದಾಟಿಸಿದ್ದು ನಿಜ. ಹೋನ್ ಒಮ್ಮೆ ನೀರಜ್‌ಗೆ ಕೋಚ್ ಆಗಿದ್ದೂ ನಿಜ. ಆದರೆ ಟೋಕಿಯೊ ಹೊತ್ತಿಗೆ ನೀರಜ್ ಜೊತೆ ಇದ್ದವರು ಕ್ಲಾಸ್ ಬಾರ್ಟೋನಿಟ್ಸ್ ಎಂಬ ಇನ್ನೊಬ್ಬ ಜರ್ಮನ್. ನಾನು ಸುಮ್ನೆ ಇರಬೇಕಿತ್ತು, ಇರಲಿಲ್ಲ. "ಚಿಕ್ಕಪ್ಪ, ಈಗಿನ ಕೋಚ್ ಅವರಲ್ಲ" ಅಂತ ಬರೆದೆ. ಚಿಕ್ಕಪ್ಪನ ಉತ್ತರ: "ಅದೇನೋಪ್ಪ. ಅವರೂ ಜರ್ಮನ್, ಇವರೂ ಜರ್ಮನ್. ಆಯ್ತಲ್ಲ."

ಆವತ್ತಿನಿಂದ ಹೋನ್ ಬಗ್ಗೆ ಒಂದಿಷ್ಟು ಬರೆಯಬೇಕು ಅಂತ ಇತ್ತು. ಯಾಕೆಂದರೆ ನನಗೆ ಆ ಹೆಸರು ವಾಟ್ಸಾಪ್ ಬರುವ ಎಷ್ಟೋ ವರ್ಷ ಮೊದಲಿಂದ ಗೊತ್ತು.

ಎಂಬತ್ತರ ದಶಕದ ಕೊನೆ. ನಾನು ಹೈಸ್ಕೂಲು. ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಒಂದು ಭರ್ಜಿ, ಬಿದಿರಿನದು. ಮುಂದೆ ಕಬ್ಬಿಣದ ಮೊನೆ, ನಡುವೆ ದಾರ ಸುತ್ತಿದ ಹಿಡಿ. ಮಳೆಗಾಲ ಕಳೆದು ತೆಗೆದರೆ ಸ್ವಲ್ಪ ಬಾಗಿರುತ್ತಿತ್ತು. ಪಿ.ಟಿ. ಮೇಷ್ಟ್ರು ಅದನ್ನು ಬಿಸಿಲಿಗೆ ಒರಗಿಸಿ, ಮೇಲೆ ಕಲ್ಲು ಹೇರಿ, ನೆಟ್ಟಗೆ ಮಾಡೋಕೆ ನೋಡುತ್ತಿದ್ದರು. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ನಾನು ಎಸೆದದ್ದು ನನ್ನ ಬದುಕಿನ ಅತಿ ದೂರದ ಎಸೆತ. ಆದರೆ ಭರ್ಜಿ ಮೊನೆ ಊರಲಿಲ್ಲ, ಹೊಟ್ಟೆ ಅಡಿಯಾಗಿ ಚಪ್ಪಟೆ ಬಿತ್ತು. ಬಾವುಟ ಹಿಡಿದಿದ್ದವರು "ಫೌಲ್" ಅಂದರು. ನಾನು ಅತ್ತೆ ಅನ್ನೋದನ್ನು ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಹೇಳಿದರು: "ಜರ್ಮನಿಯಲ್ಲಿ ಒಬ್ಬ ಇದಾನೆ ಕಣೋ. ನೂರ ನಾಲ್ಕು ಮೀಟರ್ ಎಂಬತ್ತು ಸೆಂಟಿಮೀಟರ್ ಎಸೆದ. ಅಂಥವನಿಗೂ ಒಲಿಂಪಿಕ್ಸ್ ಸಿಗಲಿಲ್ಲ. ನಿಂದೇನು ಮಹಾ." ನಮ್ಮ ರಸಪ್ರಶ್ನೆ ಪುಸ್ತಕದಲ್ಲೂ ಆ ಹೆಸರು ಇತ್ತು. ನಾವು 'ಉವೆ ಹಾನ್' ಅಂತ ಓದುತ್ತಿದ್ದೆವು. ಜರ್ಮನರ ಬಾಯಲ್ಲಿ ಅದು ಹೋನ್ ಅಂತ ಗೊತ್ತಾಗಿದ್ದು ತುಂಬಾ ಆಮೇಲೆ. ಆ ಪುಸ್ತಕ ನಮ್ಮ ಕೈಗೆ ಬರುವ ಹೊತ್ತಿಗೆ ಆ ದಾಖಲೆ ವಿಶ್ವದಾಖಲೆಗಳ ಪಟ್ಟಿಯಿಂದಲೇ ಹೋಗಿತ್ತು ಅನ್ನೋದೂ ಆಮೇಲೆ ತಿಳಿದದ್ದು.

ಈಗ ಆ ದಿನದ ವಿಷಯಕ್ಕೆ ಬರೋಣ. 1984ರ ಜುಲೈ 20. ಪೂರ್ವ ಬರ್ಲಿನ್‌ನ ಫ್ರೀಡ್ರಿಶ್ ಲುಡ್ವಿಗ್ ಯಾನ್ ಕ್ರೀಡಾಂಗಣ. ಬರ್ಲಿನ್ ಗೋಡೆಗೆ ಅಂಟಿಕೊಂಡ ಹಾಗೇ ಇದ್ದ ಜಾಗ. ಹೋನ್‌ಗೆ 22 ತುಂಬಿ ನಾಲ್ಕೇ ದಿನ ಆಗಿತ್ತು. ನೊಯ್‌ರುಪ್ಪಿನ್ ಎಂಬ ಊರಿನ ಹುಡುಗ, ಆರೂವರೆ ಅಡಿ ಎತ್ತರ, ಪಾಟ್ಸ್‌ಡ್ಯಾಮ್‌ನ ಸೇನಾ ಕ್ಲಬ್ಬಿನಲ್ಲಿ ಪಳಗಿದವನು. ಎರಡು ವರ್ಷ ಮೊದಲು, 1982ರಲ್ಲಿ, ಅಥೆನ್ಸ್‌ನಲ್ಲಿ 91.34 ಮೀಟರ್ ಎಸೆದು ಯುರೋಪ್ ಚಾಂಪಿಯನ್ ಆಗಿದ್ದ. ಆಗಿನ ವಿಶ್ವದಾಖಲೆ ಅಮೆರಿಕದ ಟಾಮ್ ಪೆಟ್ರಾನಾಫ್ ಹೆಸರಲ್ಲಿ, 99.72. ನೂರಕ್ಕೆ ಒಂದು ಗೇಣು ಕಡಿಮೆ. ಯಾರಾದರೂ ಇವತ್ತೋ ನಾಳೆಯೋ ನೂರು ಮುಟ್ಟುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. ಹೋನ್ ಮುಟ್ಟಲಿಲ್ಲ, ಹಾರಿಯೇ ಹೋದ. 104.80. ಹಳೇ ದಾಖಲೆಗಿಂತ ಐದು ಮೀಟರ್ ಎಂಟು ಸೆಂಟಿಮೀಟರ್ ಜಾಸ್ತಿ.

ಈ ಅಂಕಿ ಎಷ್ಟು ದೊಡ್ಡದು ಅಂತ ಕ್ರಿಕೆಟ್ ನೋಡುವ ನಮಗೆ ಹೀಗೆ ಹೇಳಬಹುದು. ಐಪಿಎಲ್‌ನಲ್ಲಿ ನೂರ ಐದು ಮೀಟರ್ ಸಿಕ್ಸರ್ ಬಿದ್ದರೆ ಕಾಮೆಂಟರಿಯವರು ಕುರ್ಚಿಯಿಂದ ಏಳುತ್ತಾರೆ ಅಲ್ವಾ? ಆ ಚೆಂಡು 160 ಗ್ರಾಂ ಚಿಲ್ಲರೆ. ಅದಕ್ಕೆ ಬ್ಯಾಟಿನ ಏಟು, ಬೌಲರ್ ಕೊಟ್ಟ ವೇಗ ಎರಡೂ ಇರುತ್ತವೆ. ಜಾವೆಲಿನ್ 800 ಗ್ರಾಂ. ಅದನ್ನು ಬರೀ ತೋಳಿನಿಂದ ಅಷ್ಟು ದೂರ ಕಳಿಸೋದು. ಬರೀ ತೋಳು ಅಂದದ್ದು ತಪ್ಪು ಬಿಡಿ. ಓಡಿ ಬಂದ ವೇಗವನ್ನೆಲ್ಲ ಎಡಗಾಲು ಒಂದೇ ಸಲ ತಡೆದು ನಿಲ್ಲಿಸಬೇಕು. ಆ ಧಕ್ಕೆ ಸೊಂಟ, ಬೆನ್ನು, ಹೆಗಲು ಹತ್ತಿ ಕೊನೆಗೆ ಬೆರಳ ತುದಿಗೆ ಬರಬೇಕು. ಅದಕ್ಕೇ ಜಾವೆಲಿನ್ ಎಸೆಯುವವರಿಗೆ ಬೆನ್ನು, ಮೊಣಕೈ ಎರಡೂ ಬೇಗ ಕೈಕೊಡುತ್ತವೆ.

ಆ ಎಸೆತ ಆಗಿ ಎಂಟೇ ದಿನಕ್ಕೆ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಶುರು. ಆಗ ಜರ್ಮನಿ ಎರಡು ದೇಶವಾಗಿತ್ತು. ಹೋನ್ ಅವರ ಪೂರ್ವ ಜರ್ಮನಿ ಸೋವಿಯತ್ ಬಣದ್ದು, ಅದು ಹೋಗಲೇ ಇಲ್ಲ. 1980ರಲ್ಲಿ ಅಮೆರಿಕದವರು ಮಾಸ್ಕೋಗೆ ಹೋಗಿರಲಿಲ್ಲ, ಅದಕ್ಕೆ ಈಗ ಸೋವಿಯತ್ ಬಣದವರು ಇಲ್ಲಿಗೆ ಬರಲ್ಲ ಅಂದರು. ದೊಡ್ಡವರ ಜಗಳ. ಲಾಸ್ ಏಂಜಲೀಸ್‌ನಲ್ಲಿ ಚಿನ್ನ ಗೆದ್ದವರು ಫಿನ್ಲೆಂಡಿನ ಆರ್ಟೊ ಹರ್ಕೋನೆನ್, 86.76 ಮೀಟರ್. ಅದೇ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಬಹಿಷ್ಕಾರ ಹಾಕಿದ ದೇಶಗಳು ತಮ್ಮದೇ 'ಫ್ರೆಂಡ್‌ಶಿಪ್ ಗೇಮ್ಸ್' ಮಾಡಿಕೊಂಡವು. ಅಲ್ಲಿ ಹೋನ್ 94.44 ಎಸೆದು ಗೆದ್ದರು. ಏಳೂವರೆ ಮೀಟರಿಗೂ ಜಾಸ್ತಿ ಅಂತರ. ಹಾಗಂತ ಹರ್ಕೋನೆನ್ ಚಿನ್ನ ಸುಳ್ಳು ಅಂತಲ್ಲ. ಬಂದವರ ಮಧ್ಯೆ ಆತ ಗೆದ್ದ. ಹೋನ್‌ಗೆ ಬರೋಕೆ ಬಿಡಲಿಲ್ಲ. ಆಮೇಲೂ ಒಲಿಂಪಿಕ್ಸ್‌ನಲ್ಲಿ ಅವರು ಎಂದೂ ಎಸೆಯಲಿಲ್ಲ.

1985ರಲ್ಲಿ ಕ್ಯಾನ್‌ಬೆರಾದ ವಿಶ್ವಕಪ್‌ನಲ್ಲಿ 96.96 ಎಸೆದು ಗೆದ್ದರು. ಆಮೇಲೆ ಬೆನ್ನು ನೋವು, ಆಪರೇಷನ್. ಇಪ್ಪತ್ತನಾಲ್ಕರ ಆಸುಪಾಸಿಗೆ ಎಸೆಯುವ ಬದುಕು ಮುಗಿದೇ ಹೋಯಿತು. ಬೇರೆಯವರು ಆ ವಯಸ್ಸಿಗೆ ಶುರು ಮಾಡುತ್ತಾರೆ.

ಅಷ್ಟರಲ್ಲಿ ಭರ್ಜಿಯೇ ಬದಲಾಗಿತ್ತು. ಈ ಕಥೆಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ: ಹೋನ್ ನೂರು ದಾಟಿಸಿದ, ಇನ್ನೂ ದೂರ ಹೋದರೆ ಓಡುವವರ ಮೈಮೇಲೆ ಬೀಳುತ್ತದೆ ಅಂತ ಹೆದರಿ ನಿಯಮ ಬದಲಿಸಿದರು. ಅದು ಒಂದು ಕಾರಣ, ಇಲ್ಲ ಅನ್ನಲ್ಲ. ಆದರೆ ಇನ್ನೊಂದು ಕಾರಣ ಇತ್ತು, ಹೋನ್ ಎಸೆತಕ್ಕೂ ಮುಂಚಿನಿಂದ ತಲೆನೋವಾಗಿದ್ದು. ಹಳೇ ಜಾವೆಲಿನ್ ಗಾಳಿಯಲ್ಲಿ ಹದ್ದಿನ ಥರ ತೇಲುತ್ತಿತ್ತು. ಇಳಿಯುವಾಗ ಮೊನೆ ಬಾಗದೆ ಚಪ್ಪಟೆಯಾಗಿ ಮಲಗುತ್ತಿತ್ತು. ಮೊನೆ ಮೊದಲು ತಾಗಿತೋ ಇಲ್ಲವೋ ಅಂತ ಪ್ರತಿ ಕೂಟದಲ್ಲೂ ಜಗಳ. (ನನ್ನ ಹೋಬಳಿ ಕ್ರೀಡಾಕೂಟ ನೆನಪಿದೆಯಲ್ಲ?) ಅದಕ್ಕೆ 1986ರ ಏಪ್ರಿಲ್‌ನಿಂದ ಗಂಡಸರ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ತಂದರು. ಅಂದರೆ ಬೆರಳ ಮೇಲೆ ಇಟ್ಟರೆ ಅತ್ತಿತ್ತ ವಾಲದೆ ನಿಲ್ಲುತ್ತದಲ್ಲ, ಆ ಜಾಗ ಮೊನೆಯ ಕಡೆಗೆ ಸರಿಯಿತು. ಈಗ ಅದು ಬೇಗ ಮೂತಿ ತಗ್ಗಿಸಿ ನೆಲಕ್ಕೆ ಕಚ್ಚುತ್ತದೆ. ದೂರ ಸುಮಾರು ಶೇಕಡ ಹತ್ತರಷ್ಟು ಕಡಿಮೆಯಾಯಿತು. ಜಗಳವೂ ಕಡಿಮೆಯಾಯಿತು.

ಹಳೇ ಅಂಕಿಗಳನ್ನೆಲ್ಲ ಬದಿಗಿಟ್ಟು ದಾಖಲೆ ಪುಸ್ತಕ ಹೊಸದಾಗಿ ಶುರು. ಹೊಸ ಜಾವೆಲಿನ್‌ನ ಮೊದಲ ವಿಶ್ವದಾಖಲೆ ಬರೆದವರೂ ಜರ್ಮನ್ನೇ, ಆದರೆ ಪಶ್ಚಿಮದ ಕ್ಲಾಸ್ ಟಾಫೆಲ್‌ಮಯರ್. 85.74. ಒಂದೂವರೆ ವರ್ಷದ ಹಿಂದೆ ಈ ದೂರಕ್ಕೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗಿನ ದಾಖಲೆ ಝೆಕ್ ದೇಶದ ಯಾನ್ ಝೆಲೆಝ್ನಿ ಅವರದ್ದು, 98.48, 1996ರಲ್ಲಿ ಜರ್ಮನಿಯ ಯೇನಾದಲ್ಲಿ ಎಸೆದದ್ದು. ಜರ್ಮನಿಯ ಯೊಹಾನೆಸ್ ಫೆಟರ್ 2020ರಲ್ಲಿ 97.76ಕ್ಕೆ ಬಂದು ನಿಂತರು. ನೂರು ಇನ್ನೂ ಯಾರಿಗೂ ಸಿಕ್ಕಿಲ್ಲ.

"ಹೋನ್‌ಗೆ ಅನ್ಯಾಯ ಆಯ್ತು" ಅಂತ ಬರೆಯುವವರನ್ನು ನಾನು ಪೂರ್ತಿ ಒಪ್ಪಲ್ಲ. ನಿಯಮ ಬದಲಾಗಲೇಬೇಕಿತ್ತು. ಒಲಿಂಪಿಕ್ಸ್ ತಪ್ಪಿದ್ದು ಮಾತ್ರ ಅನ್ಯಾಯ, ಅದು ಅವರದೇ ಸರ್ಕಾರ ಮಾಡಿದ್ದು. ಇನ್ನೊಂದು ಮಾತನ್ನೂ ಹೇಳದೆ ಮುಂದೆ ಹೋಗೋದು ಸರಿಯಲ್ಲ. ಆ ಕಾಲದ ಪೂರ್ವ ಜರ್ಮನಿಯಲ್ಲಿ ಕ್ರೀಡಾಪಟುಗಳಿಗೆ ಸರ್ಕಾರವೇ ಯೋಜನೆ ಮಾಡಿ ಉದ್ದೀಪನ ಮದ್ದು ಕೊಡುತ್ತಿತ್ತು. ಗೋಡೆ ಬಿದ್ದ ಮೇಲೆ ಕಾಗದಪತ್ರಗಳು ಹೊರಬಂದವು. ಎಷ್ಟೋ ಜನರಿಗೆ, ಅದರಲ್ಲೂ ಚಿಕ್ಕ ಹುಡುಗಿಯರಿಗೆ, ಏನು ನುಂಗುತ್ತಿದ್ದೇವೆ ಅಂತಲೂ ಗೊತ್ತಿರಲಿಲ್ಲ. ಆ ವ್ಯವಸ್ಥೆಯಿಂದ ಬಂದ ಯಾವ ಅಂಕಿಯನ್ನೂ ಇವತ್ತು ನಿಶ್ಚಿಂತೆಯಿಂದ ಓದೋಕಾಗಲ್ಲ. ನಮ್ಮ ಫಾರ್ವರ್ಡ್ ಮೆಸೇಜುಗಳಲ್ಲಿ ಈ ಸಾಲು ಇರೋದೇ ಇಲ್ಲ.

ಜನಪ್ರಿಯತೆ ವಿಷಯಕ್ಕೆ ಬಂದರೆ, ನನಗೆ ಯಾವಾಗಲೂ ಹೋನ್ ಪಕ್ಕದಲ್ಲಿ ಇನ್ನೊಬ್ಬ ಜರ್ಮನ್ನನ್ನು ನಿಲ್ಲಿಸಿ ನೋಡಬೇಕು ಅನ್ನಿಸುತ್ತದೆ. ಕ್ಲಾಸ್ ವೊಲ್ಫರ್‌ಮಾನ್. ಪಶ್ಚಿಮ ಜರ್ಮನಿಯವರು, ನ್ಯೂರೆಂಬರ್ಗ್ ಹತ್ತಿರದ ಆಲ್ಟ್‌ಡೋರ್ಫ್ ಊರು. ಎತ್ತರ 1.76 ಮೀಟರ್, ನಮ್ಮ ಬೀದಿಯಲ್ಲಿ ನಡೆದು ಹೋದರೆ ಯಾರೂ ತಿರುಗಿ ನೋಡದಷ್ಟು. 1972ರ ಮ್ಯೂನಿಕ್ ಒಲಿಂಪಿಕ್ಸ್, ಸೆಪ್ಟೆಂಬರ್ 3, ಭಾನುವಾರ. ಎದುರಿಗೆ ಲಾಟ್ವಿಯಾದ ಯಾನಿಸ್ ಲೂಸಿಸ್, ಸೋವಿಯತ್ ತಂಡದವರು, ಹಿಂದಿನ ಒಲಿಂಪಿಕ್ಸ್ ಚಿನ್ನ ಅವರದೇ, ವಿಶ್ವದಾಖಲೆಯೂ ಅವರದೇ. ಐದನೇ ಎಸೆತದಲ್ಲಿ ವೊಲ್ಫರ್‌ಮಾನ್ 90.48. ಲೂಸಿಸ್‌ಗೆ ಕೊನೆಯ ಎಸೆತ ಬಾಕಿ. ಎಸೆದರು. ಭರ್ಜಿ ಹೋಗಿ ಹೆಚ್ಚೂಕಡಿಮೆ ಅದೇ ಜಾಗಕ್ಕೆ ನೆಟ್ಟಿತು. ಅಳೆದರು. 90.46.

ಎರಡು ಸೆಂಟಿಮೀಟರ್! ಆಗ ಜಾವೆಲಿನ್ ಅಳೆಯುತ್ತಿದ್ದದ್ದೇ ಎರಡೆರಡು ಸೆಂಟಿಮೀಟರ್ ಲೆಕ್ಕದಲ್ಲಿ. ಅಂದರೆ ಅದಕ್ಕಿಂತ ಕಡಿಮೆ ಅಂತರದಲ್ಲಿ ಗೆಲ್ಲೋಕೆ ಸಾಧ್ಯವೇ ಇರಲಿಲ್ಲ. ಅದೇ ದಿನ ಅದೇ ಕೂಟದಲ್ಲಿ ಪಶ್ಚಿಮ ಜರ್ಮನಿಗೆ 800 ಮೀಟರ್ ಓಟದಲ್ಲಿ ಹಿಲ್ಡೆಗಾರ್ಡ್ ಫಾಲ್ಕ್, 50 ಕಿಲೋಮೀಟರ್ ನಡಿಗೆಯಲ್ಲಿ ಬರ್ನ್ಡ್ ಕಾನೆನ್‌ಬರ್ಗ್ ಚಿನ್ನ ತಂದರು. ಇವತ್ತಿಗೂ ಜರ್ಮನರು ಆ ದಿನವನ್ನು 'ಚಿನ್ನದ ಭಾನುವಾರ' ಅನ್ನುತ್ತಾರೆ. ಎರಡು ದಿನ ಕಳೆದು ಅದೇ ಒಲಿಂಪಿಕ್ ಗ್ರಾಮದಲ್ಲಿ ಇಸ್ರೇಲಿ ಕ್ರೀಡಾಪಟುಗಳನ್ನು ಒತ್ತೆ ಹಿಡಿದು ಕೊಂದರು. ಮ್ಯೂನಿಕ್ ಅಂದರೆ ಜಗತ್ತಿಗೆ ಅದೇ ನೆನಪು. ಜರ್ಮನರಿಗೆ ಆ ಭಾನುವಾರ ಅಷ್ಟು ಪ್ರೀತಿಯದಾಗಿ ಉಳಿಯೋಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಊಹೆ.

ವೊಲ್ಫರ್‌ಮಾನ್ 1972, 1973 ಎರಡೂ ವರ್ಷ ಪಶ್ಚಿಮ ಜರ್ಮನಿಯ ವರ್ಷದ ಕ್ರೀಡಾಪಟು ಆದರು. 1973ರಲ್ಲಿ ಲೆವರ್‌ಕೂಸೆನ್‌ನಲ್ಲಿ 94.08 ಎಸೆದು ವಿಶ್ವದಾಖಲೆಯನ್ನೂ ಲೂಸಿಸ್‌ರಿಂದ ಕಿತ್ತುಕೊಂಡರು. ಎಸೆತ ಬಿಟ್ಟ ಮೇಲೆ ಪೂಮಾ ಕಂಪನಿಯಲ್ಲಿ ಕೆಲಸ. ಲೂಸಿಸ್ ಜೊತೆಗಿನ ಸ್ನೇಹ ಕೊನೆವರೆಗೂ ಇತ್ತು. 2024ರ ಡಿಸೆಂಬರ್‌ನಲ್ಲಿ 78ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನೋಡಿ. ವೊಲ್ಫರ್‌ಮಾನ್ ಅವರ ಅತಿ ದೂರದ ಎಸೆತಕ್ಕಿಂತ ಹೋನ್ ಹತ್ತು ಮೀಟರಿಗೂ ಜಾಸ್ತಿ ಎಸೆದರು. ಅದೇ ಹಳೇ ಥರದ ಜಾವೆಲಿನ್. ಆದರೆ ವೊಲ್ಫರ್‌ಮಾನ್ ಎಸೆದದ್ದು ಸ್ವಂತ ದೇಶದ ಒಲಿಂಪಿಕ್ಸ್‌ನಲ್ಲಿ, ತುಂಬಿದ ಕ್ರೀಡಾಂಗಣದಲ್ಲಿ, ಟಿವಿ ಮುಂದೆ, ಕೊನೇ ಕ್ಷಣದವರೆಗೂ ಉಸಿರು ಹಿಡಿಸಿ. ಹೋನ್ ಎಸೆದದ್ದು ಒಂದು ಮಾಮೂಲಿ ಕೂಟದಲ್ಲಿ. ಹೋನ್‌ಗೂ ಹೆಸರು ಬಂದಿತ್ತು, ಇಲ್ಲ ಅನ್ನಬಾರದು. 1984ರಲ್ಲಿ ಪೂರ್ವ ಜರ್ಮನಿಯ ವರ್ಷದ ಕ್ರೀಡಾಪಟು ಅವರೇ. ಆದರೆ ಆರು ವರ್ಷಕ್ಕೆ ಆ ದೇಶವೇ ಇಲ್ಲವಾಯಿತು. ಎಸೆದ ಥರದ ಭರ್ಜಿ ಇಲ್ಲ, ದಾಖಲೆ ಪಟ್ಟಿಯಲ್ಲಿ ಹೆಸರಿಲ್ಲ, ಹೆಸರು ಕೊಟ್ಟ ದೇಶವೂ ಇಲ್ಲ. ಇಂಥ ಪರಿಸ್ಥಿತಿ ಇನ್ಯಾವ ಕ್ರೀಡಾಪಟುವಿಗೆ ಬಂದಿದೆಯೋ, ನನಗಂತೂ ಹೊಳೆಯುತ್ತಿಲ್ಲ.

ಉಳಿದದ್ದು ಕಲಿಸುವ ಕೆಲಸ. ಚೀನಾದ ಝಾವೊ ಚಿಂಗ್‌ಗಾಂಗ್‌ಗೆ ಹೋನ್ ಕೋಚ್ ಆಗಿದ್ದರು. ಆ ಹುಡುಗ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 89.15 ಎಸೆದು ಏಷ್ಯಾ ದಾಖಲೆ ಮಾಡಿದ. 2017ರ ಕೊನೆಗೆ ಹೋನ್ ಭಾರತಕ್ಕೆ ಬಂದರು. ನೀರಜ್ ಆಗಲೇ ಜೂನಿಯರ್ ವಿಶ್ವ ಚಾಂಪಿಯನ್, 2016ರಲ್ಲಿ 86.48 ಎಸೆದಿದ್ದ. ಆಗ ಕಲಿಸುತ್ತಿದ್ದವರು ಆಸ್ಟ್ರೇಲಿಯಾದ ಗ್ಯಾರಿ ಕ್ಯಾಲ್ವರ್ಟ್. ಹೋನ್ ಕೈಕೆಳಗೆ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಚಿನ್ನ, ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 88.06 ಎಸೆದು ಇನ್ನೊಂದು ಚಿನ್ನ. 2019ರಲ್ಲಿ ನೀರಜ್ ಮೊಣಕೈಗೆ ಆಪರೇಷನ್ ಆಯಿತು. ಆಮೇಲೆ ಬಾರ್ಟೋನಿಟ್ಸ್ ಬಂದರು. ಹೋನ್ ಬಳಿ ಜಾವೆಲಿನ್ ಎಸೆಯುವ ಇನ್ನಿಬ್ಬರು, ಶಿವಪಾಲ್ ಸಿಂಗ್, ಅನ್ನು ರಾಣಿ ಉಳಿದರು.

ಟೋಕಿಯೊಗೆ ಸ್ವಲ್ಪ ಮುಂಚೆ ಹೋನ್ ಕ್ರೀಡಾ ಪ್ರಾಧಿಕಾರ, ಅಥ್ಲೆಟಿಕ್ಸ್ ಫೆಡರೇಷನ್ ಎರಡರ ಮೇಲೂ ಬಹಿರಂಗವಾಗಿ ಸಿಡಿದರು. ಒತ್ತಡ ಹಾಕಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು ಅಂತಲೂ ಆರೋಪ ಮಾಡಿದರು. ಆ ಕಡೆಯವರು ಒಪ್ಪಲಿಲ್ಲ. ಶಿವಪಾಲ್, ಅನ್ನು ಇಬ್ಬರೂ ಟೋಕಿಯೊದಲ್ಲಿ ಫೈನಲ್‌ಗೆ ಹೋಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಫೆಡರೇಷನ್, ಇವರ ಕೆಲಸ ತೃಪ್ತಿ ತಂದಿಲ್ಲ ಅಂತ ಹೇಳಿ ಕಳಿಸಿಕೊಟ್ಟಿತು. ಆಗಸ್ಟ್ 7ರಂದು ಗುರುದೇವ ಅಂತ ಕೈಮುಗಿದವರೇ ಸೆಪ್ಟೆಂಬರ್‌ನಲ್ಲಿ "ದುಡ್ಡಿಗಾಗಿ ಬಂದವನು" ಅಂತ ಬರೆದದ್ದನ್ನು ನಾನು ಓದಿದ್ದೇನೆ. ನನಗನ್ನಿಸುವುದು ಇಷ್ಟು: ಒಲಿಂಪಿಕ್ಸ್ ಹತ್ತಿರ ಇರುವಾಗ ಹಾಗೆ ಪೇಪರಿನ ಮುಂದೆ ಮಾತಾಡಿದ್ದು ಹೋನ್ ಮಾಡಿದ ತಪ್ಪು. ಆದರೆ ದುಡ್ಡು, ಒಪ್ಪಂದ ಅಂತ ಕೇಳಿದ್ದು ತಪ್ಪಲ್ಲ. ನಾವು ಯಾರಾದರೂ ಸಂಬಳ ಕೇಳದೆ ಕೆಲಸ ಮಾಡುತ್ತೇವಾ?

ಕೋಚ್ ವಿಷಯದಲ್ಲಿ ನಮಗೆ ಇರುವ ಗೊಂದಲ ನೋಡಬೇಕಾದರೆ ಶಿರಸಿ ಕಡೆಯ ಕಾಶಿನಾಥ ನಾಯ್ಕರ ಕಥೆ ಸಾಕು. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಜಾವೆಲಿನ್ ಕಂಚು ಗೆದ್ದ ಸೇನೆಯ ಮನುಷ್ಯ, ಆಮೇಲೆ ರಾಷ್ಟ್ರೀಯ ಶಿಬಿರದಲ್ಲಿ ಕೋಚ್. ಟೋಕಿಯೊ ಚಿನ್ನ ಬಂದ ಕೂಡಲೇ ನಮ್ಮ ರಾಜ್ಯ ಸರ್ಕಾರ ಅವರಿಗೆ ಹತ್ತು ಲಕ್ಷ ಬಹುಮಾನ ಘೋಷಿಸಿತು. ಅಥ್ಲೆಟಿಕ್ಸ್ ಫೆಡರೇಷನ್ ಅಧ್ಯಕ್ಷರು "ಅವರು ಯಾರು ಅಂತಲೇ ಗೊತ್ತಿಲ್ಲ" ಅನ್ನೋ ಧಾಟಿಯಲ್ಲಿ ಮಾತಾಡಿದರು. ಕಾಮನ್‌ವೆಲ್ತ್ ಪದಕ ತಂದವರನ್ನು ಫೆಡರೇಷನ್ನೇ ಗೊತ್ತಿಲ್ಲ ಅಂದರೆ, ಹೋನ್ ಯಾರು ಬಾರ್ಟೋನಿಟ್ಸ್ ಯಾರು ಅಂತ ನಮ್ಮ ಚಿಕ್ಕಪ್ಪನಿಗೆ ಗೊತ್ತಿಲ್ಲದ್ದು ದೊಡ್ಡ ತಪ್ಪಾ?

ಕಳೆದ ವರ್ಷ, 2025ರ ಜುಲೈ 5ಕ್ಕೆ, ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಹೆಸರಿನ ಕೂಟ ನಡೆಯಿತಲ್ಲ, ನಾನು ಹೋಗಿದ್ದೆ. ಜಾವೆಲಿನ್ ಒಂದನ್ನೇ ನೋಡೋಕೆ ಬೆಂಗಳೂರಿನಲ್ಲಿ ಅಷ್ಟು ಜನ ಸೇರುತ್ತಾರೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. ಎಸೆಯುವವರ ಸಾಲಿನಲ್ಲಿ ಥಾಮಸ್ ರೋಹ್ಲರ್ ಇದ್ದರು. ಜರ್ಮನ್, 2016ರ ರಿಯೊ ಒಲಿಂಪಿಕ್ ಚಾಂಪಿಯನ್, 2017ರಲ್ಲಿ ದೋಹಾದಲ್ಲಿ 93.90 ಎಸೆದವರು. ಅವರು ಓಡಿ ಬರುವಾಗ ನನ್ನ ಪಕ್ಕದ ಹುಡುಗ ಸಮೋಸ ತರೋಕೆ ಎದ್ದು ಹೋದ. ನೀರಜ್ ಬಂದಾಗ ಓಡೋಡಿ ವಾಪಸ್ ಬಂದ. 86.18, ನೀರಜ್ ಗೆದ್ದರು. ಎರಡನೇ ಸ್ಥಾನ ಕೆನ್ಯಾದ ಜೂಲಿಯಸ್ ಯೆಗೊಗೆ. ನಾನೂ ಗಂಟಲು ಹರಿಯುವ ಹಾಗೆ ಕೂಗಿದೆ, ಸುಳ್ಳು ಯಾಕೆ ಹೇಳಲಿ.

ಜನ ಕರಗಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. 104.80 ಎಲ್ಲಿ ಬೀಳಬಹುದು ಅಂತ ಕಣ್ಣಲ್ಲೇ ಅಳೆದೆ. ನೀರಜ್ ಭರ್ಜಿ ನೆಟ್ಟ ಜಾಗ, ಅಲ್ಲಿಂದ ಮುಂದೆ ಹದಿನೆಂಟು ಮೀಟರ್ ಚಿಲ್ಲರೆ. ಹತ್ತಿರ ಹತ್ತಿರ ಒಂದು ಕ್ರಿಕೆಟ್ ಪಿಚ್‌ನಷ್ಟು. ಕಣ್ಣು ಹುಲ್ಲಿನ ಆ ತುದಿಗೆ ಹೋಗಿ ನಿಂತಿತು.

ಮೇಷ್ಟ್ರಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದಾರೆ, ಊರಲ್ಲೇ ಇದ್ದಾರೆ. ಕಂಠೀರವದಲ್ಲಿ ಇದ್ದೀನಿ ಸಾರ್, ನೀರಜ್ 86 ಎಸೆದ ಅಂದೆ. ಹೋನ್ ನೆನಪಿದೆಯಾ ಸಾರ್ ಅಂದೆ.

"ನೂರ ನಾಲ್ಕು ಎಂಬತ್ತು" ಅಂದರು ತಕ್ಷಣ. ಆಮೇಲೆ ಕೇಳಿದರು: "ಇವನದು ಮೊನೆ ಕಚ್ಚಿತಾ, ಇಲ್ಲ ನಿನ್ನ ಥರ ಮಲಗಿತಾ?"